ಗಜ್ಜರಿಗೆ ಕಪ್ಪು ಶೀಟೋ, ಕಬ್ಬಿನ ರವದಿಯೋ?

ಮೊದಲೇ ಹೇಳಿಬಿಡುತ್ತೇನೆ, ಗಜ್ಜರಿ, ಅಂದರೆ ಕ್ಯಾರೆಟ್ ಮಡಿಯ ಮಣ್ಣಿಗೆ ಹೊದಿಸಲು ನನಗೆ ಸರಿ ಬಂದದ್ದು ರವದಿ. ನಮ್ಮ ಮುಧೋಳ ಕಡೆ ಕಬ್ಬು ಕಡಿದ ಮೇಲೆ ಉಳಿದ ಒಣ ಎಲೆಗೆ ಹೊಲದಲ್ಲೇ ಬೆಂಕಿ ಹಚ್ಚುತ್ತೇವಲ್ಲ, ಅದೇ ರವದಿ.

ಈ ಸಲ ಶಿವರಾತ್ರಿ ಹೊತ್ತಿಗೆ ಎರಿ (ಕಪ್ಪು) ಮಣ್ಣಿನಲ್ಲಿ ಪೂಸಾ ಕೇಸರ್ ತಳಿಯ ಗಜ್ಜರಿ ಹಾಕಿದೆ. ನಾಲ್ಕು ಮಡಿಗೆ ಮಲ್ಚಿಂಗ್ ಶೀಟ್ (ಮಣ್ಣಿಗೆ ಹೊದಿಸುವ ಪ್ಲಾಸ್ಟಿಕ್ ಹಾಳೆ), ನಾಲ್ಕಕ್ಕೆ ರವದಿ. ಶೀಟಿಗೆ 2,000 ರೂಪಾಯಿ ಮೇಲೆ ಹೋಯಿತು. ರವದಿಗೆ ದುಡ್ಡಿಲ್ಲ, ಹೊತ್ತು ತಂದದ್ದಷ್ಟೇ.

ಶೀಟಿಗೆ ಎರಡು ಮಗ್ಗಲು, ಒಂದು ಕಪ್ಪು, ಒಂದು ಬೆಳ್ಳಿ. ಅಂಗಡಿಯವರು ಕಪ್ಪು ಮೇಲೆ ಬರಲಿ ಅಂದರು, ಹಾಗೇ ಹಾಸಿದೆ. ಮಧ್ಯಾಹ್ನ, ಮೊಳಕೆ ಹೊರಬರಲೆಂದು ಶೀಟಿನಲ್ಲಿರುವ ತೂತಿನೊಳಗೆ ಬೆರಳಿಟ್ಟರೆ ಚುರ್ ಅಂತು. ಥರ್ಮಾಮೀಟರ್ ಎರಡು ಇಂಚು ಚುಚ್ಚಿ ನೋಡಿದೆ. ಶೀಟಿನ ಕೆಳಗೆ 42 ಡಿಗ್ರಿ, ರವದಿ ಕೆಳಗೆ 30. ಮಣ್ಣು 35 ದಾಟಿದರೆ ಗಜ್ಜರಿ ಬೀಜ ಮೊಳೆಯುವುದೇ ಕಷ್ಟ. ಬೇಸಿಗೆಗೆ ಬೆಳ್ಳಿ ಮಗ್ಗಲು ಮೇಲಿರಬೇಕಿತ್ತು, ಅದು ಬಿಸಿಲನ್ನು ವಾಪಸ್ ಕಳಿಸುತ್ತದೆ.

ಆದರೆ ನನ್ನನ್ನು ನಿಜವಾಗಿ ಸುಸ್ತು ಮಾಡಿದ್ದು ಆ ತೂತುಗಳು. ಬಿಸಿಲಿಗೆ ಹಿಗ್ಗಿ, ಗಾಳಿಗೆ ಎದ್ದು ಶೀಟು ಎರಡು ಬೆರಳು ಸರಿದರೆ ಸಾಕು, ತೂತು ಒಂದು ಕಡೆ, ಬೀಜ ಒಂದು ಕಡೆ. ಮೊಳಕೆ ಶೀಟಿನ ಅಡಿಯಲ್ಲೇ ತಲೆ ಎತ್ತಿ ಬೆಂದುಹೋಗುತ್ತದೆ.

ಹತ್ತು ದಿನ ಬೆಳಿಗ್ಗೆ ಮಂಡಿಯೂರಿ ಕೂತು, ಜೋಳದ ಕಡ್ಡಿಯಿಂದ ಅಂಚು ಎತ್ತಿ, ದಾರದಂಥ ಮೊಳಕೆಗಳನ್ನು ಒಂದೊಂದಾಗಿ ಹೊರಗೆಳೆದೆ. ಅರ್ಧಕ್ಕರ್ಧ ಉಳಿಯಲಿಲ್ಲ. ಟೊಮೆಟೊ ಹಾಗೆ ಸಸಿ ತಂದು ನೆಡೋಣ ಅಂದರೆ, ಬೇರು ಅಲುಗಿದ ಗಜ್ಜರಿ ಕವಲೊಡೆಯುತ್ತದೆ.

ಕಳೆ ವಿಷಯದಲ್ಲಿ ಶೀಟೇ ಮೇಲು.

ರವದಿಗೂ ಕೆಲಸವಿದೆ. ಎಂಟನೇ ದಿನ ಮೊಳಕೆ ಕಂಡ ಕೂಡಲೇ ಸಾಲಿನ ಮೇಲಿಂದ ಸರಿಸಬೇಕು, ಅದೂ ಸಂಜೆ ಹೊತ್ತು. ತಡ ಮಾಡಿದರೆ ಸಸಿ ಹಳದಿಯಾಗಿ ಸೊರಗುತ್ತದೆ. ಗೆದ್ದಲು ನೋಡಿಕೊಳ್ಳಬೇಕು.

ಕಿತ್ತಾಗ ಶೀಟಿನವು ಗಿಡ್ಡ, ತುದಿ ಮೊಂಡು, ಬಣ್ಣ ಪೇಲವ. ರವದಿಯವು ಐದಾರು ಇಂಚು. ಚಳಿಗಾಲದಷ್ಟು ಕೆಂಪು ಬರಲಿಲ್ಲ. ಒಳ್ಳೆ ಬಣ್ಣಕ್ಕೆ ಮಣ್ಣು 15ರಿಂದ 20 ಡಿಗ್ರಿ ಇರಬೇಕು, ನಮ್ಮಲ್ಲಿ ಬೇಸಿಗೆಯಲ್ಲಿ ಅದು ಎಲ್ಲಿ ಸಿಗಬೇಕು?

ನನ್ನದು ಬರೀ ಎಂಟು ಗುಂಟೆ, ದಿನಾ ಹೊಲಕ್ಕೆ ಹೋಗುತ್ತೇನೆ, ಹಾಗಾಗಿ ರವದಿ ಸರಿಸುವುದು ಭಾರ ಅನ್ನಿಸುವುದಿಲ್ಲ. ಉಳಿದ ಶೀಟನ್ನು ಬೆಳ್ಳಿ ಮಗ್ಗಲು ಮೇಲೆ ಮಾಡಿ ಮೆಣಸಿನಕಾಯಿ ಸಸಿಗೆ ಹಾಸುತ್ತೇನೆ. ಗಜ್ಜರಿ ಮಾತ್ರ ದೀಪಾವಳಿ ಕಳೆದ ಮೇಲೆ, ರವದಿ ಕೆಳಗೇ.