ಮೈನೇತಾ ಜಾಲತಾಣ: ಓಟು ಹಾಕೋ ಮೊದಲು ಒಮ್ಮೆ ನೋಡಿ

ಮಡಿಕೇರಿ, ವಿರಾಜಪೇಟೆ ಎರಡೂ ಕ್ಷೇತ್ರಗಳ ಅಭ್ಯರ್ಥಿಗಳ ಆಸ್ತಿ, ಸಾಲ, ಕೇಸು ಎಲ್ಲ ಇಲ್ಲಿ ಮೊಬೈಲಲ್ಲೇ ಸಿಗುತ್ತದೆ. ದುಡ್ಡು ಕೊಡಬೇಕಿಲ್ಲ. ನಾಮಪತ್ರದ ಜೊತೆ ಕೊಟ್ಟ ಅಫಿಡವಿಟ್ಟನ್ನೇ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಅನ್ನೋ ಸಂಸ್ಥೆಯವರು ಬಿಡಿಸಿಟ್ಟಿದ್ದಾರೆ.

ನಮ್ಮ ತೋಟದ ಪಕ್ಕದ ಮನೆಯ ಅಕ್ಕನಿಗೆ ತೋರಿಸಿದೆ. ಅವರು ಸೀದಾ ಸಾಲದ ಕಾಲಂಗೆ ಹೋದರು. ಗಂಡನದು, ಹೆಂಡತಿಯದು, ಮಕ್ಕಳದು ಅಂತ ಬೇರೆ ಬೇರೆ ಲೆಕ್ಕ ಇರುತ್ತದೆ. ಕಾಫಿ ತೋಟದ ಮೇಲೆ ಸಾಲ ಎತ್ತಿದವರಿಗೆ ಅದನ್ನು ಓದೋದು ಯಾರೂ ಹೇಳಿಕೊಡಬೇಕಿಲ್ಲ. ಹೆಚ್ಚಿನ ಪುಟ ಇಂಗ್ಲಿಷಿನಲ್ಲಿದೆ, ಕಾಲೇಜಿಗೆ ಹೋಗೋ ಮಕ್ಕಳಿದ್ದರೆ ಜೊತೆಗೆ ಕೂರಿಸಿಕೊಳ್ಳಿ.

ಆದರೆ ಪಕ್ಷಕ್ಕೆ ದುಡ್ಡು ಕೊಟ್ಟವರು ಯಾರು ಅನ್ನೋದು ಅಫಿಡವಿಟ್ಟಿನಲ್ಲಿ ಬರೋದಿಲ್ಲ. ನನಗೆ ಅದೇ ಜಾಸ್ತಿ ಮುಖ್ಯ. ವಿಧಾನಸಭೆ ಅಭ್ಯರ್ಥಿಯ ಚುನಾವಣಾ ಖರ್ಚು ನಮ್ಮ ರಾಜ್ಯದಲ್ಲಿ 40 ಲಕ್ಷ ರೂಪಾಯಿ ದಾಟುವಂತಿಲ್ಲ, ಪಕ್ಷದ ಖರ್ಚಿಗೆ ಮಿತಿಯೇ ಇಲ್ಲ. ಕಂಪನಿಗಳು ಮೂರು ವರ್ಷದ ಸರಾಸರಿ ಲಾಭದಲ್ಲಿ ಶೇ 7.5ರಷ್ಟು ಮಾತ್ರ ಪಕ್ಷಗಳಿಗೆ ಕೊಡಬಹುದು ಅಂತಿತ್ತು. 2017ರಲ್ಲಿ ಅದನ್ನೂ ತೆಗೆದರು. ಬ್ಯಾಂಕಿನಲ್ಲಿ ಕೊಂಡು ಪಕ್ಷಕ್ಕೆ ಕೊಡೋ ಚುನಾವಣಾ ಬಾಂಡ್ ಬಂದ ಮೇಲೆ ಕೊಟ್ಟವರ ಹೆಸರೂ ಮುಚ್ಚಿಹೋಯಿತು. ಅದರ ವಿರುದ್ಧ ಕೋರ್ಟಿಗೆ ಹೋದವರಲ್ಲಿ ಇದೇ ಎಡಿಆರ್ ಕೂಡ ಇತ್ತು. 2024ರ ಫೆಬ್ರವರಿ 15ರಂದು ಸುಪ್ರೀಂ ಕೋರ್ಟ್ ಬಾಂಡ್ ಯೋಜನೆಯನ್ನೇ ರದ್ದು ಮಾಡಿತು. ಬಾಂಡ್ ಕೊಂಡವರ ಪಟ್ಟಿ ಹೊರಬಂದಾಗ ಒಂದು ಲಾಟರಿ ಕಂಪನಿಯೇ 1,368 ಕೋಟಿ ರೂಪಾಯಿಯ ಬಾಂಡ್ ಕೊಂಡಿದ್ದು ಗೊತ್ತಾಯಿತು. ಹೊಟ್ಟೆ ಉರಿಯಿತು. ಸುಮ್ನೆ ಯಾರೂ ಇಷ್ಟು ಕೊಡೋದಿಲ್ಲ, ಅಲ್ವಾ?

ಪಕ್ಷಗಳಿಗೆ 20,000 ರೂಪಾಯಿಗಿಂತ ಜಾಸ್ತಿ ಕೊಟ್ಟವರ ವಿವರ ಬೇಕಿದ್ದರೆ ಎಡಿಆರ್ ವರದಿಗಳನ್ನೂ ತೆರೆಯಿರಿ.