ಚೀಲದ ಮೇಲೆ 'ಮಲೇರಿಯಾ ನೆಗೆಟಿವ್' ಎಂದಿದ್ದರೂ ರಕ್ತ ಏರಿಸಿದ ನಂತರದ ಜ್ವರವನ್ನು ಕಡೆಗಣಿಸಬೇಡಿ

ಸಿಂಧನೂರು ತಾಲ್ಲೂಕಿನಲ್ಲಿರುವ ನನ್ನ ತಂಗಿಗೆ ಹೆರಿಗೆಯಲ್ಲಿ ವಿಪರೀತ ರಕ್ತಸ್ರಾವವಾಗಿ, ರಾಯಚೂರಿನ ಖಾಸಗಿ ಆಸ್ಪತ್ರೆಯೊಂದರಲ್ಲಿ ಎರಡು ಬಾಟಲಿ ರಕ್ತ ಏರಿಸಿದರು. ಮನೆಗೆ ಬಂದ ಕೆಲವೇ ದಿನಗಳಲ್ಲಿ ಬಾಣಂತಿಗೆ ಚಳಿಜ್ವರ ಹಿಡಿಯಿತು. ನಮ್ಮ ಭಾಗದಲ್ಲಿ ಜ್ವರವೆಂದರೆ ಮೊದಲು ವಿಡಾಲ್ ಪರೀಕ್ಷೆ, ಆಮೇಲೆ ಟೈಫಾಯ್ಡ್ ಎಂದು ಸಲೈನ್. ಇಲ್ಲಿಯೂ ಹಾಗೆಯೇ ನಡೆಯಿತು. ಈಚೆಗೆ ರಕ್ತ ಏರಿಸಿದ್ದಾರೆಯೇ ಎಂದು ಯಾರೂ ಕೇಳಲಿಲ್ಲ. ಹಿಮೋಗ್ಲೋಬಿನ್ ಮತ್ತೆ ಕುಸಿದಾಗ ಬೇರೊಬ್ಬ ವೈದ್ಯರು ಸೂಕ್ಷ್ಮದರ್ಶಕದಲ್ಲಿ ರಕ್ತ ನೋಡಿಸಿದರು, ವೈವಾಕ್ಸ್ ಎಂಬ ಬಗೆಯ ಮಲೇರಿಯಾ ಕಂಡಿತು.

ಮನೆಯಲ್ಲಾಗಲಿ ಓಣಿಯಲ್ಲಾಗಲಿ ಬೇರೆ ಯಾರಿಗೂ ಜ್ವರವಿರಲಿಲ್ಲವಾದ್ದರಿಂದ ಆ ವೈದ್ಯರೇ ರಕ್ತನಿಧಿಗೆ ಪತ್ರ ಬರೆದರು. ಅಲ್ಲಿನವರು ದಾನಿಯ ಹೆಸರು ಹೇಳಲಿಲ್ಲ, ಹೇಳಲೂಬಾರದು. ಆದರೆ ಆತ ಗುಳೆ ಹೋಗಿ ಮಂಗಳೂರಿನ ಕಟ್ಟಡ ಕೆಲಸದಿಂದ ಮರಳಿದವನೆಂದೂ, ಅಲ್ಲಿ ಮಲೇರಿಯಾಕ್ಕೆ ಕೊಟ್ಟ ಮಾತ್ರೆಯನ್ನು ಅರ್ಧಕ್ಕೆ ಬಿಟ್ಟಿದ್ದನೆಂದೂ, ಕರೆಸಿ ಪರೀಕ್ಷಿಸಿದಾಗ ಅವನಲ್ಲೂ ವೈವಾಕ್ಸ್ ಸಿಕ್ಕಿತೆಂದೂ ತಿಳಿಸಿದರು.

ಎಚ್‌ಐವಿ, ಹೆಪಟೈಟಿಸ್ ಬಿ, ಹೆಪಟೈಟಿಸ್ ಸಿ, ಸಿಫಿಲಿಸ್‌ಗಳ ಜೊತೆ ಮಲೇರಿಯಾ ಪರೀಕ್ಷೆಯೂ ನಮ್ಮ ದೇಶದಲ್ಲಿ ಕಡ್ಡಾಯ. ನಮ್ಮ ಚೀಲಕ್ಕೂ ಆ ಪರೀಕ್ಷೆ ಆಗಿತ್ತು. ಆದರೆ ಹನಿ ರಕ್ತ ಹಾಕಿ ಕೆಲವೇ ನಿಮಿಷಗಳಲ್ಲಿ ಫಲಿತಾಂಶ ನೋಡುವ ಕಾರ್ಡ್ ಪರೀಕ್ಷೆಯನ್ನು ನಂಬಬೇಕಾದರೆ ಪ್ರತಿ ಮೈಕ್ರೋಲೀಟರ್ (ಮಿಲಿಲೀಟರ್‌ನ ಸಾವಿರದ ಒಂದು ಭಾಗ) ರಕ್ತದಲ್ಲಿ ಸುಮಾರು 100 ರೋಗಾಣುಗಳಾದರೂ ಇರಬೇಕು. ಮೈಕ್ರೋಲೀಟರ್‌ಗೆ ಒಂದೇ ಒಂದು ಇದ್ದರೂ 350 ಮಿಲಿಲೀಟರ್ ಚೀಲದಲ್ಲಿ ಮೂರೂವರೆ ಲಕ್ಷ ಸೇರಿರುತ್ತವೆ. 2ರಿಂದ 6 ಡಿಗ್ರಿ ಸೆಲ್ಸಿಯಸ್ ತಂಪಿನಲ್ಲಿ ಇಟ್ಟರೂ ಅವು ಒಂದು ವಾರಕ್ಕಿಂತ ಹೆಚ್ಚು ಕಾಲ ಬದುಕಬಲ್ಲವು.

ಹೀಗಿರುವಾಗ ದಾನಿಯ ಬಾಯಿಂದ ಬರುವ ಉತ್ತರವೇ ದೊಡ್ಡ ತಡೆ. ಮಲೇರಿಯಾ ಪೂರ್ತಿ ವಾಸಿಯಾದ ಮೇಲೂ 3 ತಿಂಗಳು ರಕ್ತ ಕೊಡುವಂತಿಲ್ಲ. ಬದಲಿ ರಕ್ತ ಕೊಡಲು ಹೋದ ನಮ್ಮ ಭಾವನವರ ಅರ್ಜಿಯಲ್ಲಿ, ಅವರನ್ನು ಒಂದು ಮಾತೂ ಕೇಳದೆ, ಮೇಲಿನಿಂದ ಕೆಳಗಿನವರೆಗೆ 'ಇಲ್ಲ' ಎಂಬ ಚೌಕಗಳಿಗೆಲ್ಲ ಒಂದೇ ಬೀಸಿನಲ್ಲಿ ಗುರುತು ಹಾಕಿ ಸಹಿಗೆ ಮುಂದೆ ತಳ್ಳಿದ್ದನ್ನು ನಾನೇ ನೋಡಿದ್ದೇನೆ. ಓದು ಬಾರದ ದಾನಿಯಾದರೆ ಹೆಬ್ಬೆಟ್ಟೊತ್ತಿ ಬರುತ್ತಾನೆ. ಗುಳೆ ಹೋಗಿ ಬರುವವರೇ ಹೆಚ್ಚಿರುವ ನಮ್ಮ ಜಿಲ್ಲೆಯಲ್ಲಿ ಇದು ಸಣ್ಣ ಲೋಪವಲ್ಲ. ನಿಮ್ಮವರು ರಕ್ತ ಕೊಡಲು ಹೋದರೆ, ಎಲ್ಲಿ ದುಡಿಯಲು ಹೋಗಿದ್ದರು, ಜ್ವರ ಬಂದಿತ್ತೇ ಎಂಬುದನ್ನು ಕೇಳದಿದ್ದರೂ ಹೇಳಿಸಿ.

ಪ್ರತಿ ಚೀಲಕ್ಕೂ ಒಂದು ಸಂಖ್ಯೆ ಇರುತ್ತದೆ. ಅದನ್ನು ಬಿಡುಗಡೆ ಪತ್ರದಲ್ಲಿ ಬರೆಸಿಕೊಳ್ಳಿ. ದಾನಿ ಪತ್ತೆಯಾದದ್ದು ಆ ಸಂಖ್ಯೆಯಿಂದಲೇ. ರಕ್ತ ಏರಿಸಿದ ಮುಂದಿನ ಕೆಲವು ವಾರಗಳಲ್ಲಿ ಜ್ವರ ಬಂದರೆ ವೈದ್ಯರಿಗೆ ಮೊದಲು ಆ ವಿಷಯವನ್ನೇ ತಿಳಿಸಿ, ಮಲೇರಿಯಾ ಪರೀಕ್ಷೆ ಮಾಡಿಸಿ.

ಮಲೇರಿಯಾ ಔಷಧಿ ಕ್ಲೋರೋಕ್ವಿನ್‌ನಿಂದ ತಂಗಿ ಗುಣಮುಖಳಾದಳು. ಸೊಳ್ಳೆಯಿಂದಲ್ಲದೆ ನೇರವಾಗಿ ರಕ್ತದಿಂದ ಬಂದ ವೈವಾಕ್ಸ್ ಯಕೃತ್ತಿನಲ್ಲಿ ಅಡಗಿ ಕೂತು ಮುಂದೆ ಮರುಕಳಿಸುವುದಿಲ್ಲ ಎಂದು ವೈದ್ಯರು ವಿವರಿಸಿದ ಮೇಲೆ ನಮಗೂ ಧೈರ್ಯ ಬಂತು. ಆದರೆ ಅದೇ ದಾನಿಯ ರಕ್ತದಿಂದ ಬೇರ್ಪಡಿಸಿದ ಪ್ಲೇಟ್‌ಲೆಟ್ ಇನ್ನಾರಿಗಾದರೂ ಹೋಗಿತ್ತೇ, ಹೋಗಿದ್ದರೆ ಅವರಿಗೆ ತಿಳಿಸಿದರೇ ಎಂಬ ನಮ್ಮ ಲಿಖಿತ ಪ್ರಶ್ನೆಗೆ ರಕ್ತನಿಧಿಯಿಂದ ಇನ್ನೂ ಉತ್ತರ ಬಂದಿಲ್ಲ.