ಸೊವಾವಿಯ ನಾಲ್ಕು ಹಾರರ್ ಚಿತ್ರಗಳು: ಡಿಸ್ಕ್ ತರಿಸುವ ಮುನ್ನ

ಇಟಲಿಯ ಮಿಕೇಲೆ ಸೊವಾವಿ ಮಾಡಿದ ಹಾರರ್ ಕಥಾಚಿತ್ರಗಳು ನಾಲ್ಕೇ: ‘ಸ್ಟೇಜ್‌ಫ್ರೈಟ್’ (1987), ‘ದ ಚರ್ಚ್’ (1989), ‘ದ ಸೆಕ್ಟ್’ (1991), ‘ದೆಲ್ಲಾಮೋರ್ತೆ ದೆಲ್ಲಾಮೋರೆ’ (1994). ಬೆಳಗಾವಿಗೆ ತರಿಸುವವರು ಮೊದಲು ಡಬ್ಬಿಯ ಹಿಂಬದಿ ನೋಡಬೇಕು. ಬ್ಲೂ-ರೇ ಡಿಸ್ಕಿಗೆ ಪ್ರದೇಶದ ಸಂಕೇತ (ರೀಜನ್ ಕೋಡ್) ಇರುತ್ತದೆ: ಅಮೆರಿಕ ಎ, ಯುರೋಪ್ ಬಿ, ನಮ್ಮದು ಸಿ. ಎ ಅಥವಾ ಬಿ ಲಾಕ್ ಇದ್ದರೆ ಇಲ್ಲಿನ ಪ್ಲೇಯರ್ ಓದುವುದಿಲ್ಲ. 4ಕೆ ಡಿಸ್ಕ್‌ಗೆ ಈ ಕಾಟವಿಲ್ಲ. ಆದರೆ 4ಕೆ ಪ್ಲೇಯರೇ ಬೇಕು, ಜೊತೆಗೆ ಬರುವ ಬ್ಲೂ-ರೇಗೆ ಲಾಕ್ ಇರಲೂಬಹುದು. ಯುರೋಪಿನ ಹಳೆ ಪಾಲ್ (ಅಲ್ಲಿನ ಟಿವಿ ಪದ್ಧತಿಯ) ಡಿವಿಡಿ ಅಗ್ಗವೆಂದು ಕೊಳ್ಳಬೇಡಿ. ಸೆಕೆಂಡಿಗೆ 24 ಫ್ರೇಮಿನ ಚಿತ್ರ ಅದರಲ್ಲಿ 25ರಂತೆ ಓಡಿ, 105 ನಿಮಿಷದ್ದು 101ಕ್ಕೇ ಮುಗಿಯುತ್ತದೆ.

ತುಟಿಗೂ ಮಾತಿಗೂ ತಾಳೆಯಾಗದಿದ್ದರೆ ಡಿಸ್ಕ್ ವಾಪಸ್ ಕಳಿಸಬೇಡಿ. ಆ ಕಾಲದ ಇಟಲಿಯಲ್ಲಿ ಧ್ವನಿಯನ್ನು ಆಮೇಲೆ ಡಬ್ ಮಾಡುವುದೇ ರೂಢಿ. ‘ದೆಲ್ಲಾಮೋರ್ತೆ’ಗೆ ಇಂಗ್ಲಿಷ್ ಟ್ರ್ಯಾಕೇ ಸರಿ, ನಾಯಕನಟ ರೂಪರ್ಟ್ ಎವರೆಟ್‌ನ ಸ್ವಂತ ದನಿ ಇರುವುದು ಅದರಲ್ಲಿ. ಟಿವಿಯಲ್ಲಿ ಮೋಷನ್ ಸ್ಮೂದಿಂಗ್ ಮತ್ತು ನಾಯ್ಸ್ ರಿಡಕ್ಷನ್ ಎರಡನ್ನೂ ಆರಿಸಿಬಿಡಿ. ಮೊದಲನೆಯದು ಚಲನೆಯನ್ನು ಅಸಹಜವಾಗಿ ನುಣುಪಾಗಿಸುತ್ತದೆ, ಎರಡನೆಯದರಿಂದ ಫಿಲ್ಮಿನ ಗ್ರೇನ್ (ಸಣ್ಣ ಚುಕ್ಕಿಗಳ ಹರಳು) ಅಳಿಸಿಹೋಗಿ ಮುಖಗಳು ಮೇಣದ ಗೊಂಬೆಯಾಗುತ್ತವೆ.

ಶುರು ಮಾಡಲು ‘ಸ್ಟೇಜ್‌ಫ್ರೈಟ್’. ನಾಟಕದ ತಾಲೀಮಿಗೆ ತಂಡವನ್ನು ಒಳಗಿಟ್ಟು ನಿರ್ದೇಶಕನೇ ಬೀಗ ಹಾಕಿಸುತ್ತಾನೆ. ಬೀಗ ಬಿದ್ದ ಮೇಲೆ ಕೀಲಿಕೈ ಬಚ್ಚಿಟ್ಟವಳೇ ಮೊದಲು ಕೊಲೆಯಾಗುತ್ತಾಳೆ. ಗೂಬೆಯ ಮುಖವಾಡದ ಹಂತಕ ಹೆಣಗಳನ್ನು ರಂಗದ ಮೇಲೆ ಜೋಡಿಸಿ ಕೂತಿರುವಾಗ, ನಾಯಕಿ ರಂಗದ ಕೆಳಗೆ ತೆವಳಿ ಹಲಗೆಯ ಸಂದಿಯಿಂದ ಆ ಕೀಲಿಕೈ ಎಳೆಯುವ ದೃಶ್ಯವಿದೆ. ಕಂಪನಿ ನಾಟಕದ ರಂಗಮಂಚವನ್ನು ಒಳಗಿನಿಂದ ಬಲ್ಲ ನಮ್ಮ ಕಡೆಯವರಿಗೆ ಇದು ಇನ್ನಷ್ಟು ನಾಟುತ್ತದೆ. ಹೊರಗೆ ಕಾರಿನಲ್ಲಿ ಕೂತ ಎಳೆ ಪೊಲೀಸ್ ಸ್ವತಃ ಸೊವಾವಿ. ಇಟಲಿಯ ಹಾರರ್ ನಿರ್ದೇಶಕ ಲೂಚೊ ಫುಲ್ಚಿಯ 1980ರ ಚಿತ್ರದಲ್ಲಿ ನಟಿಸಿ, ಅಂಥದೇ ಇನ್ನೊಬ್ಬ ನಿರ್ದೇಶಕ ದಾರಿಯೊ ಅರ್ಜೆಂತೊ ಕೈಕೆಳಗೆ ಸಹಾಯಕನಾಗಿ ದುಡಿದವನು. 1985ರ ‘ಡೆಮನ್ಸ್’ನಲ್ಲಿ ಮುಖವಾಡ ಹಾಕಿಕೊಂಡು ಸಿನಿಮಾ ಟಿಕೆಟ್ ಹಂಚುವವನೂ ಇವನೇ.

‘ದ ಚರ್ಚ್’ನಲ್ಲಿ ಕಥೆ ಸಡಿಲ, ಕಣ್ಣಿಗೆ ಮಾತ್ರ ಹಬ್ಬ, ಕೀತ್ ಎಮರ್ಸನ್‌ನ ಆರ್ಗನ್ ಕೇಳಲು ಟಿವಿ ಸ್ಪೀಕರ್ ಸಾಲದು. ‘ದ ಸೆಕ್ಟ್’ ಕಡಿಮೆ ಬೆಲೆಗೆ ಸಿಕ್ಕರೆ ಸಾಕು.

ಒಂದೇ ಕೊಳ್ಳುವುದಾದರೆ ‘ದೆಲ್ಲಾಮೋರ್ತೆ’. ತಿಜಿಯಾನೊ ಸ್ಕ್ಲಾವಿಯ ಕಾದಂಬರಿ ಆಧರಿಸಿದ್ದು. ಹೂತ ಹೆಣಗಳು ಕೆಲವೇ ದಿನಗಳಲ್ಲಿ ಎದ್ದು ಬರುತ್ತವೆ, ಸ್ಮಶಾನದ ಕಾವಲುಗಾರ ಅವನ್ನು ಮತ್ತೆ ಕೊಲ್ಲುವುದನ್ನು ಆಫೀಸು ಕೆಲಸದಂತೆ ಮಾಡುತ್ತಾನೆ. ಅಮೆರಿಕದ ಡಬ್ಬಿಯ ಮೇಲೆ ‘ಸಿಮೆಟರಿ ಮ್ಯಾನ್’ ಎಂದಿರುತ್ತದೆ. ಬೇರೆ ಚಿತ್ರವೆಂದು ಎರಡೆರಡು ತರಿಸೀರಿ.

ಇದಾದ ಮೇಲೆ ಸೊವಾವಿ ಹೆಚ್ಚಾಗಿ ಟಿವಿಗೆ ಹೋದ. 2006ರ ಕ್ರೈಮ್ ಚಿತ್ರ ‘ಅರಿವೆದೆರ್ಚಿ ಅಮೋರೆ, ಚಾವ್’ ನೋಡಬೇಕಾದ್ದೇ. ಆದರೆ ಇಟಲಿಯ ಡಿಸ್ಕ್ ಆದರೆ ಇಂಗ್ಲಿಷ್ ಸಬ್‌ಟೈಟಲ್ ಇದೆಯೇ ಎಂದು ಖಾತ್ರಿ ಮಾಡಿಕೊಂಡೇ ದುಡ್ಡು ಕಟ್ಟಿ.